ತಪಾಸಕನಿಗೆ ಕೂಲಿ ಕೊಡುವವರು ಯಾರು?

ಎದುರಾಳಿಯ ನಡೆ ನೋಡಿ ನಮ್ಮ ನಡೆ ನಿರ್ಧರಿಸುವುದು ಚದುರಂಗದ ಜಾಣ್ಮೆ. ಈ ಲೆಕ್ಕಾಚಾರಕ್ಕೆ 1944ರಲ್ಲಿ ವಾನ್ ನ್ಯೂಮನ್ ಮತ್ತು ಮಾರ್ಗನ್‌ಸ್ಟರ್ನ್ ತಮ್ಮ ಗ್ರಂಥದಲ್ಲಿ ಗಣಿತದ ಚೌಕಟ್ಟು ಕೊಟ್ಟರು. ಅದೇ 'ಆಟದ ಸಿದ್ಧಾಂತ'. ಕಾರ್ಖಾನೆಯ ಹೊಗೆಗೂ ಇದಕ್ಕೂ ಏನು ನಂಟು?

ಗುಜರಾತಿನಲ್ಲಿ 1996ರಲ್ಲಿ ಹೈಕೋರ್ಟಿನ ಆದೇಶದಂತೆ ಮಾಲಿನ್ಯಕಾರಕ ಕಾರ್ಖಾನೆಗಳಿಗೆ ಪರಿಸರ ತಪಾಸಣೆಯ ವ್ಯವಸ್ಥೆ ಬಂದಿತು. ಆದರೆ ತಪಾಸಕನನ್ನು ಆರಿಸಿ ಹಣ ಕೊಡುವವನು ಕಾರ್ಖಾನೆಯ ಮಾಲೀಕನೇ! ಸತ್ಯ ಬರೆದರೆ ಮರುವರ್ಷ ಕೆಲಸ ಸಿಗದೆಂಬ ಭಯ. ಹೀಗಾಗಿ ಸುಳ್ಳೇ ಲಾಭದ ನಡೆಯಾಯಿತು.

2009ರಿಂದ 2011ರವರೆಗೆ ಅರ್ಥಶಾಸ್ತ್ರಜ್ಞರು ಮಾಲಿನ್ಯ ನಿಯಂತ್ರಣ ಮಂಡಳಿಯೊಡನೆ 473 ಕಾರ್ಖಾನೆಗಳಲ್ಲಿ ಪ್ರಯೋಗ ನಡೆಸಿದರು. ಸುಮಾರು ಅರ್ಧದಷ್ಟು ಕಡೆ ತಪಾಸಕನನ್ನು ಲಾಟರಿಯಂತೆ ನೇಮಿಸಿ, ಸಾಮಾನ್ಯ ನಿಧಿಯಿಂದ ಸಂಭಾವನೆ ಕೊಟ್ಟು, ವರದಿಗಳನ್ನು ಮರುಪರೀಕ್ಷಿಸಿದರು. ಅಲ್ಲಿ ಸುಳ್ಳು ವರದಿ ಇಳಿಯಿತು, ಮಾಲಿನ್ಯವೂ ತಗ್ಗಿತು. ಕಾನೂನು ಅದೇ, ಬದಲಾದದ್ದು ಆಟದ ನಿಯಮ.