ಬೇಲಿಯೊಳಗಿನ ರಾಜ

ಜರ್ಮನಿಯ ತೋಟಗಳ ಬೇಲಿ ಸಂದಿಯಲ್ಲಿ ಇಲಿಯಂತೆ ನುಸುಳುವ ಒಂದು ಕಂದು ಹಕ್ಕಿಯಿದೆ. ತೂಕ ಹೆಚ್ಚೆಂದರೆ 10 ಗ್ರಾಂ ಆಸುಪಾಸು. ಅದರ ಹೆಸರು ತ್ಸೌನ್‌ಕೋನಿಗ್. ‘ತ್ಸೌನ್’ ಅಂದರೆ ಬೇಲಿ, ‘ಕೋನಿಗ್’ ಅಂದರೆ ರಾಜ. ಇಷ್ಟು ಸಣ್ಣ ಹಕ್ಕಿಗೆ ರಾಜನ ಪಟ್ಟ ಕಟ್ಟಿದವರು ಯಾರು?

ಜರ್ಮನ್ನರಂತೂ ಅಲ್ಲ. ಇದಕ್ಕೆ ರಾಜ ಎಂಬ ಹೆಸರಿದೆ, ಅದಕ್ಕೇ ಹದ್ದು ಇದರ ಮೇಲೆ ಜಗಳಕ್ಕೆ ಬರುತ್ತದೆ ಎಂದು ಗ್ರೀಸಿನ ಅರಿಸ್ಟಾಟಲ್ ಆಗಲೇ ಬರೆದಿದ್ದ. ಅಲ್ಲಿನ ಹಳೇ ಕಥೆ ನಿಮಗೂ ಹಿಡಿಸೀತು. ಎಲ್ಲರಿಗಿಂತ ಎತ್ತರ ಹಾರಿದವರೇ ರಾಜ ಎಂದು ಹಕ್ಕಿಗಳು ಪಂದ್ಯ ಕಟ್ಟಿದವು. ಈ ಪುಟಾಣಿ ಹದ್ದಿನ ಮೈಮೇಲೆ ಅಡಗಿ ಕೂತಿತು. ಹದ್ದು ಸುಸ್ತಾದ ಮೇಲೆ ಹೊರಬಂದು ಇನ್ನೊಂದಿಷ್ಟು ಮೇಲೆ ಹಾರಿತು, ಗೆದ್ದಿತು! ಗ್ರಿಮ್ ಸೋದರರ ಸಂಗ್ರಹದಲ್ಲೂ ಈ ಕಥೆಯಿದೆ. ಅಲ್ಲಿ ಉಳಿದ ಹಕ್ಕಿಗಳು ಈ ಮೋಸ ಒಪ್ಪುವುದಿಲ್ಲ. ಗೆದ್ದವನು ಜೀವಭಯದಿಂದ ಬೇಲಿ ಸೇರುತ್ತಾನೆ, ‘ಬೇಲಿರಾಜ’ ಎಂದು ಗೇಲಿಗೊಳಗಾಗುತ್ತಾನೆ.

ಲ್ಯಾಟಿನ್ನಿನಲ್ಲಿ ಇದು ರೆಗ್ಯುಲಸ್, ಅಂದರೆ ಪುಟ್ಟ ರಾಜ. ಹಳೇ ಜರ್ಮನ್ನರು ಅದನ್ನೇ ತಮ್ಮ ಮಾತಿಗೆ ತಂದು ‘ಕುನಿಂಗಿಲಿನ್’ ಅಂದರು. ಕೊನೆಯ ‘ಲಿನ್’ ಪುಟ್ಟದ್ದು ಎಂದು ತೋರಿಸುವ ಪ್ರತ್ಯಯ. ಅದು ಸೇರಿದರೆ ಜರ್ಮನ್ ಪದ ನಪುಂಸಕಲಿಂಗವಾಗುತ್ತದೆ, ರಾಜನಾದರೂ ಸರಿಯೇ. 15ನೇ ಶತಮಾನದ ಹೊತ್ತಿಗೆ ‘ಬೇಲಿ’ ಸೇರಿದ ಹೆಸರು ಕಾಣಿಸಿಕೊಂಡಿತು. ಅದರಲ್ಲಿ ‘ಲಿನ್’ ಇಲ್ಲ. ಚಿಕ್ಕದು ಎಂದು ಹೇಳುವ ಕೆಲಸವನ್ನು ಬೇಲಿಯೇ ವಹಿಸಿಕೊಂಡಿತು, ರಾಜ ಮತ್ತೆ ಪುಲ್ಲಿಂಗಕ್ಕೆ ಬಂದ. (ನಾವು ದಿನಾ ಹೇಳುವ ‘ಟೌನ್’ ಪದವೂ ಈ ‘ತ್ಸೌನ್’ ಇರುವ ಬೇರಿನದೇ. ಮೊದಲು ಬೇಲಿ ಹಾಕಿದ ಜಾಗ, ಆಮೇಲೆ ಊರು.)

ಹೈಸ್ಕೂಲಿನಲ್ಲಿ ತತ್ಪುರುಷ ಸಮಾಸ ಓದಿದ್ದು ನೆನಪಿದೆಯೇ? ಅರಮನೆಯಲ್ಲಿ ಮುಖ್ಯ ಪದ ಮನೆ. ಜರ್ಮನ್ನಿನಲ್ಲೂ ಹಾಗೇ, ಕೊನೆಯ ಪದದ್ದೇ ಆಳ್ವಿಕೆ. ಲಿಂಗ, ವಿಭಕ್ತಿ, ಬಹುವಚನ ಎಲ್ಲವೂ ‘ಕೋನಿಗ್’ ಹೇಳಿದಂತೆ. ಹಲವು ಹಕ್ಕಿಗಳಾದರೆ ‘ತ್ಸೌನ್‌ಕೋನಿಗೆ’, ಬೇಲಿ ಮಾತ್ರ ಒಂದೇ.

ಕಾಡಿನಲ್ಲಿ ಇನ್ನೊಂದು ಪುಟ್ಟ ಹಕ್ಕಿಗೆ ತಲೆ ಮೇಲೆ ಕಿರೀಟದಂತೆ ಹಳದಿ ಪಟ್ಟಿಯಿದೆ. ರಾಜನ ಹೆಸರು ಮೊದಲು ಅದರದ್ದು ಎನ್ನುವವರಿದ್ದಾರೆ. ಇವತ್ತು ವಿಜ್ಞಾನಿಗಳು ರೆಗ್ಯುಲಸ್ ಎನ್ನುವುದೂ ಅದನ್ನೇ. ನನಗಂತೂ ಬೇಲಿಯವನೇ ಇಷ್ಟ. 2004ರಲ್ಲಿ ಜರ್ಮನಿಯ ‘ವರ್ಷದ ಹಕ್ಕಿ’ ಆದದ್ದೂ ಅವನೇ.

‘ಅವನು’ ಅಂದೆ. ಕನ್ನಡದಲ್ಲಿ ಹಕ್ಕಿ ಗಂಡಾದರೂ ಹೆಣ್ಣಾದರೂ ‘ಅದು’. ಜರ್ಮನ್ನಿನಲ್ಲಿ ಮೊಟ್ಟೆಗೆ ಕಾವು ಕೊಡುವ ಹೆಣ್ಣೂ ಪುಲ್ಲಿಂಗದ ರಾಜನೇ. ಹೆಣ್ಣೆಂದು ಹೇಳಲೇಬೇಕಾದರೆ ‘ವೈಬ್‌ಶೆನ್’ ಎಂಬ ಪದ ಬಳಸುತ್ತಾರೆ. ಅದರ ಕೊನೆಯಲ್ಲೂ ಪುಟ್ಟದ್ದೆನ್ನುವ ಪ್ರತ್ಯಯವಿದೆ, ಹಾಗಾಗಿ ಆ ಪದ ಸ್ತ್ರೀಲಿಂಗವಲ್ಲ, ನಪುಂಸಕಲಿಂಗ!