ಶ್ರೀಗಂಧದ ಸಸಿಮಡಿ: ಮಣ್ಣಿನ ಅರಿವು ಮತ್ತು ಒಡೆತನ

ಕರ್ನಾಟಕದ ಕೃಷಿ ಜನಪದದಲ್ಲಿ ಮಣ್ಣಿನ ಹೆಸರುಗಳು ಅದರ ಗುಣವನ್ನೂ ಸೂಚಿಸುತ್ತವೆ. ನೀರನ್ನು ಹಿಡಿದಿಡುವುದು ಎರೆ, ಬಸಿಯಬಿಡುವುದು ಮರಳು, ಇವೆರಡರ ನಡುವಣದು ಕೆಮ್ಮಣ್ಣು. ತೇವದ ಮಣ್ಣನ್ನು ಅಂಗೈಯಲ್ಲಿ ಉಂಡೆ ಕಟ್ಟಿ, ಅದು ಒಡೆಯುವ ಬಗೆಯಿಂದ ಹದವನ್ನು ತಿಳಿಯುವ ಕ್ರಮ ರೈತಾಪಿ ಜನರಲ್ಲಿದೆ. ಅಡಕೆ, ತೆಂಗು, ಮಾವುಗಳ ಸಸಿ ಎಬ್ಬಿಸುವಲ್ಲಿ ಬಳಕೆಯಾದ ಈ ಅರಿವು ನಾಡಿನ ಹೆಮ್ಮೆಯೆನಿಸಿದ ಶ್ರೀಗಂಧಕ್ಕೆ ಬಹುಕಾಲ ಒದಗಲಿಲ್ಲ. ಇದರ ಕಾರಣವನ್ನು ಮಣ್ಣಿಗಿಂತ ಮಿಗಿಲಾಗಿ ಒಡೆತನದ ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ.

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದನು. ಮೈಸೂರು ಒಡೆಯರ ಕಾಲದಲ್ಲಿಯೂ, ಸ್ವಾತಂತ್ರ್ಯಾನಂತರವೂ ಈ ಏಕಸ್ವಾಮ್ಯ ಮುಂದುವರಿಯಿತು. ರೈತನ ಹೊಲದಲ್ಲಿ ಬೆಳೆದ ಮರವೂ ಸರ್ಕಾರದ್ದೇ ಆಗಿತ್ತು. ಹಕ್ಕಿಗಳು ಹಣ್ಣು ತಿಂದು ಚೆಲ್ಲಿದ ಬೀಜ ಬೇಲಿಯಲ್ಲಿ ತಾನಾಗಿ ಮೊಳೆಯುತ್ತಿತ್ತು. ಅದನ್ನು ಮಡಿ ಮಾಡಿ ಬೆಳೆಸುವುದರಿಂದ ಹಳ್ಳಿಗನಿಗೆ ಲಾಭವಿರಲಿಲ್ಲ. ಹೀಗಾಗಿ ಗಂಧದ ಸಸಿ ಎಬ್ಬಿಸುವ ವಿದ್ಯೆಯು ಅರಣ್ಯ ಇಲಾಖೆ ಹಾಗೂ ಸಂಶೋಧನಾ ಕೇಂದ್ರಗಳ ಸಸ್ಯಕ್ಷೇತ್ರಗಳಲ್ಲಿ ರೂಪುಗೊಂಡಿತು.

ಅಲ್ಲಿ ರೂಢಿಗೆ ಬಂದ ಕ್ರಮವನ್ನು ಗಮನಿಸಬಹುದು. ಮರಳು ಮತ್ತು ಕೆಮ್ಮಣ್ಣು 3:1ರ ಪ್ರಮಾಣದಲ್ಲಿ ಬೆರೆತ ಮಡಿಯಲ್ಲಿ ಬೀಜ ಬಿತ್ತಲಾಗುತ್ತದೆ. ನಾಲ್ಕಾರು ಎಲೆ ಮೂಡಿದ ಸಸಿಯನ್ನು ಮರಳು, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರಗಳನ್ನು 2:1:1ರಂತೆ ತುಂಬಿದ ಪಾಲಿಥಿನ್ ಚೀಲಕ್ಕೆ ವರ್ಗಾಯಿಸಲಾಗುತ್ತದೆ. ಮರಳಿನ ಪಾಲು ಹೆಚ್ಚಿರುವುದಕ್ಕೆ ಕಾರಣವಿದೆ. ನೀರು ನಿಂತರೆ ಗಂಧದ ಎಳೆಯ ಬೇರು ಕೊಳೆಯುತ್ತದೆ. ಶಿಲೀಂಧ್ರ ಮತ್ತು ಜಂತುಹುಳುಗಳ ಬಾಧೆಯಿಂದ ಇಡೀ ಮಡಿಯೇ ಬಾಡಬಹುದು. ಗೊಬ್ಬರವು ಪೋಷಕಾಂಶವನ್ನೂ ತೇವವನ್ನೂ ಉಳಿಸುತ್ತದೆ.

ಆದರೂ ಗಂಧಕ್ಕೆ ಮಣ್ಣೊಂದೇ ಸಾಲದು. ಅದು ಅರೆಪರಾವಲಂಬಿ, ನೆರೆಯ ಗಿಡದ ಬೇರಿಗೆ ತನ್ನ ಹೀರುಬೇರನ್ನು ತಗುಲಿಸಿ ನೀರು, ಲವಣಗಳನ್ನು ಪಡೆಯುತ್ತದೆ. ಆದ್ದರಿಂದ ಅದೇ ಚೀಲದಲ್ಲಿ ತೊಗರಿಯನ್ನೂ ಬಿತ್ತಿ, ಅದು ಸಸಿಯನ್ನು ಮುಚ್ಚದಂತೆ ಆಗಾಗ ಕುಡಿ ಚಿವುಟುತ್ತಾರೆ. ರಾಗಿ ಹೊಲದ ಅಕ್ಕಡಿ ಸಾಲಿನ ತೊಗರಿಯೇ ಇಲ್ಲಿ ಗಂಧದ ಆಸರೆಯಾಗಿರುವುದು ಅರ್ಥಪೂರ್ಣವಾಗಿದೆ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಅಲ್ಲಿನ ಗಂಧದ ಮರದ ಒಡೆಯನಾದನು. ಅಲ್ಲಿಂದೀಚೆಗೆ ಸಸಿಮಡಿ ರೈತನ ಹಿತ್ತಲಿಗೂ ಬಂದಿದೆ. ನದಿಮರಳು ದುಬಾರಿಯಾಗಿರುವ ಇಂದು, ಕಳಿತ ತೆಂಗಿನ ನಾರಿನ ಪುಡಿಯಂಥ ಬದಲಿಗಳನ್ನು ಆಯುವಾಗ ಪ್ರಯೋಗಾಲಯದ ಅನುಪಾತದೊಡನೆ ಅಂಗೈಯ ಉಂಡೆಯ ಪರೀಕ್ಷೆಯೂ ಸೇರಬೇಕಾಗಿದೆ. ಎರಡು ಶತಮಾನ ದೂರವಿದ್ದ ಎರಡು ಅರಿವುಗಳು ಕೂಡಲು ಈಗ ಎಡೆಯಾಗಿದೆ.