ನೀರು ಬೆರೆಸುವ ವಿವೇಕ

ನಮ್ಮ ಮಾತಿನಲ್ಲಿ ನೀರು ಬೆರೆಸುವುದು ಸದ್ಗುಣವಲ್ಲ. ಹಾಲಿಗೆ ನೀರು ಬೆರೆಸಿದವನು ಮೋಸಗಾರ. ಸಾರು ನೀರಾದರೆ ಅಡಿಗೆಯವನಿಗೆ ಕೈ ಪಳಗಿಲ್ಲ. ಕಾವ್ಯ ನೀರಾಗಿದೆಯೆಂದರೆ ಕವಿಗೆ ಅದಕ್ಕಿಂತ ದೊಡ್ಡ ನಿಂದೆ ಬೇಡ. ಗಟ್ಟಿಯಾದದ್ದು ಮೇಲು, ತೆಳುವಾದದ್ದು ಕೀಳು ಎಂಬ ಈ ನಂಬಿಕೆ ಅಡಿಗೆಮನೆಯಿಂದ ಬಚ್ಚಲಮನೆಗೂ ನಡೆದುಬಂದಿದೆ. ಫಿನಾಯಿಲು, ಬ್ಲೀಚಿಂಗ್ ಪುಡಿ ಮೊದಲಾದ ಕ್ರಿಮಿನಾಶಕಗಳನ್ನು ಎರಡು ಮುಚ್ಚಳ ಹಾಕಬೇಕಾದಲ್ಲಿ ನಾಲ್ಕು ಮುಚ್ಚಳ ಹಾಕಿದರೆ ಶುದ್ಧಿಯೂ ಇಮ್ಮಡಿಯಾಗುತ್ತದೆಂದು ಭಾವಿಸುವವರು ನಮ್ಮಲ್ಲಿ ಅನೇಕರು. ನಾನು ಕನ್ನಡ ಪಾಠ ಹೇಳಿಕೊಂಡು ಬಂದವನು. ರಸಾಯನಶಾಸ್ತ್ರ ನನ್ನ ಅಧಿಕಾರಕ್ಕೆ ಸೇರಿದ್ದಲ್ಲ. ಆದರೂ ಈ ವಸ್ತುಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಎಷ್ಟು ನೀರು ಬೆರೆಸಬೇಕೆಂಬುದನ್ನು ಮನುಷ್ಯ ಬಹಳ ಕಷ್ಟಪಟ್ಟು ಕಲಿತ ಕಥೆಯೇ ಇದೆಂದು ನನಗೆ ತೋರಿತು.

ಕಥೆ ಆರಂಭವಾಗುವುದು ಬಟ್ಟೆಯಿಂದ. ನಮ್ಮ ಮಡಿವಾಳರು ಸವಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಗೆ ಹಾಕಿ, ಹೊಳೆಯ ದಂಡೆಯ ಬಿಸಿಲಿನಲ್ಲಿ ಹರಡಿ ಬಟ್ಟೆಯನ್ನು ಬೆಳ್ಳಗೆ ಮಾಡುತ್ತಿದ್ದರು. ಯೂರೋಪಿನವರೂ ಹೊಸ ನಾರುಬಟ್ಟೆಯನ್ನು ತಿಂಗಳುಗಟ್ಟಲೆ ಹುಲ್ಲುಗಾವಲಿನಲ್ಲಿ ಹಾಸಿ ಬಿಸಿಲಿಗೆ ಒಡ್ಡುತ್ತಿದ್ದರು. ಸ್ವೀಡನ್ನಿನ ಷೀಲೆ ೧೭೭೪ರಲ್ಲಿ ಕ್ಲೋರೀನ್ ಅನಿಲವನ್ನು ಕಂಡುಹಿಡಿದ. ಬಣ್ಣವನ್ನು ತೆಗೆಯುವ ಅದರ ಗುಣವನ್ನು ಫ್ರಾನ್ಸಿನ ಬರ್ತೊಲೆ ೧೭೮೦ರ ದಶಕದಲ್ಲಿ ಬಳಕೆಗೆ ತಂದ. ಪ್ಯಾರಿಸಿನ ಬಳಿಯ ಜಾವೆಲ್ ಎಂಬಲ್ಲಿ ತಯಾರಾದ ದ್ರಾವಣಕ್ಕೆ ‘ಜಾವೆಲ್ ನೀರು’ ಎಂದೇ ಹೆಸರಾಯಿತು. ೧೭೯೯ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಸುಣ್ಣಕ್ಕೆ ಕ್ಲೋರೀನನ್ನು ಹಿಡಿಸಿ ಬ್ಲೀಚಿಂಗ್ ಪುಡಿಯ ಹಕ್ಕುಪತ್ರ ಪಡೆದ. ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು.

ಈ ಪುಡಿಯನ್ನು ಅಗಸನ ಕೈಯಿಂದ ವೈದ್ಯನ ಕೈಗೆ ತಂದವರಲ್ಲಿ ಒಬ್ಬನು ಇಗ್ನಾಜ್ ಸೆಮ್ಮೆಲ್‌ವೈಸ್. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ೧೮೪೭ರ ಏಪ್ರಿಲ್ ತಿಂಗಳೊಂದರಲ್ಲೇ ನೂರಕ್ಕೆ ಸುಮಾರು ೧೮ ಮಂದಿ ಬಾಣಂತಿಯರು ತೀರಿಕೊಂಡಿದ್ದರು. ಶವಪರೀಕ್ಷೆ ಮಾಡಿದ ಕೈಗಳಿಂದಲೇ ವೈದ್ಯರು ಹೆರಿಗೆ ಮಾಡಿಸುತ್ತಿರುವುದು ಇದಕ್ಕೆ ಕಾರಣವೆಂದು ಅವನು ಊಹಿಸಿದ. ಎಲ್ಲರೂ ಕ್ಲೋರೀನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ವಿಧಿಸಿದ. ಜುಲೈ ವೇಳೆಗೆ ಸಾವಿನ ಪ್ರಮಾಣ ನೂರಕ್ಕೆ ಒಂದರ ಸಮೀಪಕ್ಕೆ ಇಳಿಯಿತು. ರೋಗಾಣುಗಳ ತಿಳಿವಳಿಕೆ ಇನ್ನೂ ಮೂಡಿರದ ಕಾಲ ಅದು. ಕೈಯಿಂದ ಹೆಣದ ವಾಸನೆ ಹೋಯಿತೋ ಇಲ್ಲವೋ ಎಂಬುದೇ ಅವನ ಪರೀಕ್ಷೆ, ಮೂಗೇ ಅಳತೆಗೋಲು.

ಮೂಗಿನ ಅಳತೆ ಸಾಲದೆಂಬುದು ಮುಂದೆ ತಿಳಿಯಿತು. ೧೮೬೫ರ ಆಗಸ್ಟಿನಲ್ಲಿ ಗ್ಲಾಸ್ಗೋ ನಗರದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದ ೧೧ ವರ್ಷದ ಬಾಲಕನೊಬ್ಬನ ಗಾಯಕ್ಕೆ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲವನ್ನು ಹಚ್ಚಿದ. ಗಾಯ ಕೊಳೆಯಲಿಲ್ಲ, ಆದರೆ ಆಮ್ಲದ ಉರಿಗೆ ಸುತ್ತಲಿನ ಚರ್ಮ ಕೆರಳಿತು. ಲಿಸ್ಟರ್ ಅದನ್ನು ಮೊದಲು ನೀರಿನಲ್ಲಿಯೂ ಬಳಿಕ ಆಲಿವ್ ಎಣ್ಣೆಯಲ್ಲಿಯೂ ತೆಳುವಾಗಿಸಿದ. ಹುಡುಗ ಗುಣವಾಗಿ ನಡೆದುಹೋದ. ಆದರೆ ೧೮೮೧ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಒಂದು ಸೋಜಿಗವನ್ನು ತೋರಿಸಿದ. ನೀರಿನಲ್ಲಿ ಕರಗಿಸಿದಾಗ ಕ್ರಿಮಿಗಳನ್ನು ಕೊಲ್ಲುವ ಅದೇ ಕಾರ್ಬಾಲಿಕ್ ಆಮ್ಲ, ಎಣ್ಣೆಯಲ್ಲಿ ಕರಗಿಸಿದಾಗ ನಿರ್ವೀರ್ಯ! ಹಾಗಾದರೆ ನೀರು ಬರಿಯ ತೆಳುಗೊಳಿಸುವ ವಸ್ತುವಲ್ಲ, ಅದೂ ಕೆಲಸದಲ್ಲಿ ಪಾಲುಗಾರ. ಮದ್ಯಸಾರದ ವಿಷಯವೂ ಹೀಗೆಯೇ. ನೂರಕ್ಕೆ ೭೦ರಷ್ಟು ಮದ್ಯಸಾರವಿರುವ ಮಿಶ್ರಣ, ನೀರೇ ಇಲ್ಲದ ಶುದ್ಧ ಮದ್ಯಸಾರಕ್ಕಿಂತ ಚೆನ್ನಾಗಿ ರೋಗಾಣುಗಳನ್ನು ಕೊಲ್ಲುತ್ತದೆ.

ಇಷ್ಟಾದ ಮೇಲೆ ಅಳತೆಗೆ ಒಂದು ಸಂಖ್ಯೆ ಬೇಕಾಯಿತು. ೧೯೦೩ರಲ್ಲಿ ಇಂಗ್ಲೆಂಡಿನ ರಿಡೀಲ್ ಮತ್ತು ವಾಕರ್ ಎಂಬಿಬ್ಬರು ಅದನ್ನು ಒದಗಿಸಿದರು. ಟೈಫಾಯ್ಡ್ ರೋಗಾಣುವನ್ನು ಒಂದೇ ಅವಧಿಯಲ್ಲಿ ಕೊಲ್ಲುವುದಕ್ಕೆ, ಕಾರ್ಬಾಲಿಕ್ ಆಮ್ಲಕ್ಕಿಂತ ಎಷ್ಟು ಪಟ್ಟು ಹೆಚ್ಚು ನೀರನ್ನು ಒಂದು ಕ್ರಿಮಿನಾಶಕ ತಾಳಬಲ್ಲುದು ಎಂಬುದೇ ಅವರ ಲೆಕ್ಕ. ಕಪ್ಪು ಫಿನಾಯಿಲಿನ ಡಬ್ಬಿಗಳ ಮೇಲೆ ‘ಆರ್. ಡಬ್ಲ್ಯು.’ ಎಂದು ಅಚ್ಚಾಗುವ ಅಂಕಿ ಈ ಇಬ್ಬರ ನೆನಪು. ಔಷಧದ ಹಿರಿಮೆಯನ್ನು ಅದು ತಾಳುವ ನೀರಿನಿಂದ ಅಳೆಯಬಹುದೆಂಬ ಈ ಯೋಚನೆ ನನಗೆ ಬಹಳ ಹಿಡಿಸಿತು.

ಅಳತೆಯ ಬೆಲೆ ಪೂರ್ತಿಯಾಗಿ ತಿಳಿದದ್ದು ಮೊದಲನೆಯ ಮಹಾಯುದ್ಧದಲ್ಲಿ. ಕಂದಕಗಳ ಮಣ್ಣು ಮೆತ್ತಿಕೊಂಡ ಗಾಯಗಳು ಕೊಳೆತು, ಸೈನಿಕರು ಕೈಕಾಲುಗಳನ್ನೂ ಪ್ರಾಣವನ್ನೂ ಕಳೆದುಕೊಳ್ಳುತ್ತಿದ್ದರು. ಕ್ರಿಮಿಗಳನ್ನು ಕೊಲ್ಲುವಷ್ಟು ಉಗ್ರವಾದ ಔಷಧ ಗಾಯದ ಜೀವಂತ ಮಾಂಸವನ್ನೂ ಕೊಲ್ಲುತ್ತಿತ್ತು. ಫ್ರಾನ್ಸಿನ ಕಾಂಪಿಯೇನ್ ಪಟ್ಟಣದ ಯುದ್ಧ ಆಸ್ಪತ್ರೆಯಲ್ಲಿ ಅಲೆಕ್ಸಿಸ್ ಕರೆಲ್ ಎಂಬ ಶಸ್ತ್ರವೈದ್ಯನೊಡನೆ ದುಡಿದ ಹೆನ್ರಿ ಡೇಕಿನ್ ಎಂಬ ಆಂಗ್ಲ ರಸಾಯನಜ್ಞ ಇನ್ನೂರಕ್ಕೂ ಹೆಚ್ಚು ವಸ್ತುಗಳನ್ನು ಪರೀಕ್ಷಿಸಿದ. ಕೊನೆಗೆ ೧೯೧೫ರಲ್ಲಿ ಅವನು ಬಂದು ನಿಂತದ್ದು ಹಳೆಯ ಜಾವೆಲ್ ನೀರಿನ ವಂಶದ ಸೋಡಿಯಂ ಹೈಪೋಕ್ಲೋರೈಟಿನಲ್ಲೇ. ಆದರೆ ಅದರ ಕ್ಷಾರವನ್ನು ತಗ್ಗಿಸಿ, ಶಕ್ತಿಯನ್ನು ನೂರಕ್ಕೆ ಅರ್ಧ ಭಾಗದಲ್ಲಿ ಕಟ್ಟಿಹಾಕಿದ. ೦.೪೫ಕ್ಕಿಂತ ಕಡಮೆಯಾದರೆ ಕ್ರಿಮಿ ಉಳಿಯುತ್ತದೆ, ೦.೫ನ್ನು ಮೀರಿದರೆ ಮಾಂಸ ಉರಿಯುತ್ತದೆ. ಈ ಕೂದಲೆಳೆಯ ದಾರಿಯಲ್ಲಿ, ರಬ್ಬರ್ ಕೊಳವೆಗಳ ಮೂಲಕ ಎರಡೆರಡು ಗಂಟೆಗೊಮ್ಮೆ ಹರಿದ ದ್ರಾವಣ ಎಷ್ಟೋ ಮಂದಿಯ ಕೈಕಾಲುಗಳನ್ನು ಉಳಿಸಿತು.

ಇಷ್ಟು ಬೆಲೆ ಕೊಟ್ಟು ಕಲಿತ ಪಾಠವನ್ನು ನಾವು ಸುಲಭವಾಗಿ ಮರೆಯುತ್ತೇವೆ. ೨೦೨೦ರ ಮಾರ್ಚ್ ಕೊನೆಯಲ್ಲಿ, ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ಮಕ್ಕಳ ಸಮೇತ ರಸ್ತೆಯಲ್ಲಿ ಕುಳ್ಳಿರಿಸಿ, ಇದೇ ಸೋಡಿಯಂ ಹೈಪೋಕ್ಲೋರೈಟಿನ ದ್ರಾವಣವನ್ನು ಅವರ ಮೈಮೇಲೆ ಸಿಂಪಡಿಸಿದರು. ಮನುಷ್ಯರ ಮೇಲೆ ಹೀಗೆ ಸಿಂಪಡಿಸಬಾರದು, ಅದರಿಂದ ಸೋಂಕು ಹೋಗದು, ಕಣ್ಣು ಚರ್ಮಗಳಿಗೆ ಹಾನಿಯಾದೀತು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ ೧೮ರಂದು ತಿಳಿಸಬೇಕಾಯಿತು. ನೆಲಕ್ಕೂ ಗೋಡೆಗೂ ತಕ್ಕ ಔಷಧ ಮನುಷ್ಯನ ಮೈಗೆ ತಕ್ಕದ್ದಲ್ಲ ಎಂಬ ವಿವೇಕ ಭಯದ ಮುಂದೆ ನಿಲ್ಲಲಿಲ್ಲ. ಆ ಭಯದ ಭಾರವನ್ನು ಹೊತ್ತವರು ಅದನ್ನು ನಿರಾಕರಿಸುವ ಶಕ್ತಿಯಿಲ್ಲದವರು.

ಮನೆಯ ಮಟ್ಟಿಗೆ ಈ ವಿದ್ಯೆ ಕಠಿಣವಲ್ಲ. ಸೀಸೆಯ ಮೇಲೆ ಬರೆದಿರುವ ಶಕ್ತಿಯನ್ನು ಬೇಕಾದ ಶಕ್ತಿಯಿಂದ ಭಾಗಿಸಿ ಒಂದನ್ನು ಕಳೆದರೆ, ಒಂದು ಪಾಲಿಗೆ ಎಷ್ಟು ಪಾಲು ನೀರೆಂಬುದು ದೊರೆಯುತ್ತದೆ. ನೂರಕ್ಕೆ ೫ರ ಬ್ಲೀಚು ಸಾಧಾರಣ ನೆಲಕ್ಕೆ ೦.೧ ಆಗಬೇಕಾದರೆ ಒಂದು ಲೋಟಕ್ಕೆ ೪೯ ಲೋಟ ನೀರು. ರಕ್ತ ಚೆಲ್ಲಿದ ಜಾಗಕ್ಕೆ ೦.೫ ಬೇಕಾದರೆ ೯ ಲೋಟ. ನೀರು ತಣ್ಣಗಿರಬೇಕು. ಮೊದಲು ಕೊಳೆಯನ್ನು ತೊಳೆದಿರಬೇಕು. ಇಲ್ಲವಾದರೆ ಕ್ಲೋರೀನ್ ಕೊಳೆಯೊಡನೆ ಸೆಣಸುವುದರಲ್ಲಿಯೇ ಸವೆದುಹೋಗುತ್ತದೆ. ಒರಸಿದ ಮೇಲೆ ಕೆಲವು ನಿಮಿಷ ಹಸಿಯಾಗಿ ಬಿಡಬೇಕು. ಬಿಸಿಲು, ಶಾಖ, ಕಾಲಗಳಿಗೆ ಅದು ಕುಂದುವುದರಿಂದ ಅಂದಂದಿನದನ್ನು ಅಂದಂದೇ ಕಲಸಿಕೊಳ್ಳಬೇಕು. ಪಾಯಿಖಾನೆ ತೊಳೆಯುವ ಆಮ್ಲವನ್ನಾಗಲಿ ಅಮೋನಿಯವನ್ನಾಗಲಿ ಅದರೊಡನೆ ಎಂದಿಗೂ ಬೆರೆಸಕೂಡದು. ಹುಟ್ಟುವುದು ಶ್ವಾಸಕೋಶವನ್ನು ಸುಡುವ ವಿಷದ ಗಾಳಿ.

‘ಪ್ರಮಾಣ’ ಎಂಬ ನಮ್ಮ ಶಬ್ದಕ್ಕೆ ಅಳತೆಯೆಂದೂ ಅರ್ಥ, ಆಧಾರವೆಂದೂ ಅರ್ಥ. ಜಾವೆಲಿನಿಂದ ಕಾಂಪಿಯೇನ್‌ವರೆಗಿನ ಈ ಚರಿತ್ರೆಯಲ್ಲಿ ಎರಡೂ ಒಂದೇ ಆಗಿವೆ: ಅಳೆದವನ ಮಾತಿಗೆ ಆಧಾರವಿತ್ತು, ಅಳೆಯದವನಿಗೆ ಉಳಿದದ್ದು ಭಯ, ಇಲ್ಲವೆ ಹುಮ್ಮಸ್ಸು. ಅವೆರಡರಿಂದಲೂ ಮನೆ ಶುದ್ಧವಾಗದು.